ರೇಡಿಯೇಷನ್ ಹಿಂದಿನ ಗಣಿತ: ಕಂಪ್ಯೂಟರ್ ಕರುಳು ಉಳಿಸುತ್ತದೆ, ರೋಗಿಯ ಐದು ವಾರ ಉಳಿಸುವವರು ಯಾರು?

ನವಿ ಮುಂಬೈ: ಗರ್ಭಕಂಠದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ 300 ಮಹಿಳೆಯರು. ಎಲ್ಲರಿಗೂ ಆನಂತರ ರೇಡಿಯೇಷನ್ ಬೇಕಿತ್ತು. ಸುಮಾರು ಅರ್ಧದಷ್ಟು ಮಂದಿಗೆ ರೂಢಿಯಲ್ಲಿದ್ದ ವಿಧಾನದಲ್ಲಿ, ಉಳಿದವರಿಗೆ ಕಂಪ್ಯೂಟರ್ ಲೆಕ್ಕ ಹಾಕಿ ಕಿರಣದ ತೀವ್ರತೆಯನ್ನು ಅಂಗುಲ ಅಂಗುಲಕ್ಕೂ ಬದಲಿಸುವ ‘ಐಎಂಆರ್‌ಟಿ’ ವಿಧಾನದಲ್ಲಿ ಚಿಕಿತ್ಸೆ ಕೊಡಲಾಯಿತು. ಮೂರು ವರ್ಷಗಳ ನಂತರ ನೋಡಿದಾಗ ಹಳೆಯ ವಿಧಾನದ ಗುಂಪಿನಲ್ಲಿ ಶೇ 42.4ರಷ್ಟು ಮಹಿಳೆಯರಿಗೆ ಮಧ್ಯಮ ಅಥವಾ ಅದಕ್ಕಿಂತ ತೀವ್ರವಾದ ಕರುಳಿನ ತೊಂದರೆ ಕಾಣಿಸಿಕೊಂಡಿತ್ತು. ಹೊಸ ವಿಧಾನದ ಗುಂಪಿನಲ್ಲಿ ಅದು ಶೇ 21.1. ಕ್ಯಾನ್ಸರ್ ಹತೋಟಿಯಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇದು ದೂರದ ಅಮೆರಿಕದ್ದಲ್ಲ. ಟಾಟಾ ಮೆಮೋರಿಯಲ್ ಸೆಂಟರ್‌ನಲ್ಲಿ ಡಾ. ಸುಪ್ರಿಯಾ ಚೋಪ್ರಾ ನೇತೃತ್ವದಲ್ಲಿ 2011ರಿಂದ 2019ರವರೆಗೆ ರೋಗಿಗಳನ್ನು ಸೇರಿಸಿಕೊಂಡು ನಡೆದ ‘ಪಾರ್ಸರ್’ ಅಧ್ಯಯನ. 2021ರಲ್ಲಿ ಪ್ರಕಟವಾಯಿತು. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಭಾಗದ ಕನ್ನಡಿಗರಿಗೆ ಪರಿಚಿತವಾದ, ಖಾರ್‌ಘರ್‌ನ ಗುಡ್ಡದ ಬುಡದಲ್ಲಿರುವ ‘ಆಕ್ಟ್ರೆಕ್’ ಇದೇ ಟಾಟಾ ಸೆಂಟರ್‌ನ ಆವರಣ.

ಹಾಗಾದರೆ ಆ ಮಹಿಳೆಯರ ಕರುಳು ಉಳಿಸಿದ್ದು ಏನು? ಪ್ರತಿದಿನ ಸ್ಕ್ಯಾನ್ ತೆಗೆದು ಗುರಿ ಸರಿಯಾಗಿದೆಯೇ ಎಂದು ನೋಡುವ ಪದ್ಧತಿಗೆ ಒಂದು ಪಾಲು ಸಲ್ಲಬೇಕು. ಇನ್ನೊಂದು ಪಾಲು ಹೊರಗಿನವರ ಕಣ್ಣಿಗೆ ಬೀಳದ ಒಂದು ಗಣಿತಕ್ಕೆ ಸಲ್ಲಬೇಕು. ಅದರ ಹೆಸರು ಆಪ್ಟಿಮೈಸೇಷನ್. ಎಲ್ಲವೂ ಸಿಗದ ಕಡೆ ಇದ್ದುದರಲ್ಲಿ ಅತ್ಯುತ್ತಮವಾದುದನ್ನು ಹುಡುಕುವ ಲೆಕ್ಕ ಎನ್ನಬಹುದು. ಈ ಲೆಕ್ಕ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ರೋಗಿಗೂ ಮನೆಯವರಿಗೂ ಗೊತ್ತಿರಬೇಕಾದ ವಿಷಯ. ಏಕೆಂದರೆ ಅದು ಏನನ್ನು ಉಳಿಸಬೇಕು ಎಂದು ತೀರ್ಮಾನಿಸುವವರು ಮನುಷ್ಯರೇ.

‘ಕರೆಂಟ್ ಕೊಡುವುದು’ ಅಂದರೆ ಇಷ್ಟೇ ಅಲ್ಲ

ನಮ್ಮ ಊರುಗಳಲ್ಲಿ ರೇಡಿಯೇಷನ್ ಚಿಕಿತ್ಸೆಗೆ ಇಂದಿಗೂ ‘ಕರೆಂಟ್ ಕೊಡಿಸುವುದು’ ಎನ್ನುತ್ತಾರೆ. ಯಂತ್ರದ ಕೆಳಗೆ ಮಲಗಿಸುತ್ತಾರೆ, ಸ್ವಿಚ್ ಒತ್ತುತ್ತಾರೆ, ಮುಗಿಯಿತು ಎಂಬ ಭಾವನೆ. ನಿಜವಾಗಿ ಚಿಕಿತ್ಸೆಯ ಅರ್ಧ ಕೆಲಸ ರೋಗಿ ಯಂತ್ರದ ಕೆಳಗೆ ಮಲಗುವ ಮೊದಲೇ, ಪ್ಲಾನಿಂಗ್ ಕೋಣೆಯ ಕಂಪ್ಯೂಟರ್‌ನಲ್ಲಿ ಮುಗಿದಿರುತ್ತದೆ.

ಮೊದಲು ಸಿಟಿ ಸ್ಕ್ಯಾನ್. ಅದರ ಮೇಲೆ ವೈದ್ಯರು ಗಡ್ಡೆ ಎಲ್ಲಿದೆ, ಕರುಳು ಎಲ್ಲಿದೆ, ಮೂತ್ರಕೋಶ, ಗುದನಾಳ, ಮೂಳೆಮಜ್ಜೆ ಎಲ್ಲಿವೆ ಎಂದು ಒಂದೊಂದು ಪದರದಲ್ಲೂ ಗೆರೆ ಎಳೆಯುತ್ತಾರೆ. ಆಮೇಲೆ ಕಂಪ್ಯೂಟರ್ ದೇಹವನ್ನು ಪುಟ್ಟ ಪುಟ್ಟ ಘನಗಳಾಗಿ ಒಡೆಯುತ್ತದೆ. 40 ಸೆಂ.ಮೀ. ಅಗಲ, 25 ಸೆಂ.ಮೀ. ದಪ್ಪ, 30 ಸೆಂ.ಮೀ. ಉದ್ದದ ಹೊಟ್ಟೆಯ ಭಾಗವನ್ನು 3 ಮಿ.ಮೀ. ಘನಗಳಾಗಿ ಒಡೆದರೆ 11 ಲಕ್ಷಕ್ಕೂ ಹೆಚ್ಚು ಘನಗಳಾಗುತ್ತವೆ. ಪ್ರತಿ ಘನಕ್ಕೂ ಎಷ್ಟು ಡೋಸ್ ಬೀಳುತ್ತದೆ ಎಂಬುದು ಲೆಕ್ಕಕ್ಕೆ ಬರಬೇಕು.

ಇನ್ನೊಂದು ಕಡೆ ಕಿರಣ. ಏಳು ಕೋನಗಳಿಂದ ಕಿರಣ ಬಿಡುತ್ತೇವೆ ಎಂದುಕೊಳ್ಳಿ. ಒಂದೊಂದು ಕೋನದ 15 ಸೆಂ.ಮೀ. x 20 ಸೆಂ.ಮೀ. ಕಿಂಡಿಯನ್ನು ಅರ್ಧ ಚದರ ಸೆಂ.ಮೀ. ತುಂಡುಗಳಾಗಿ ಒಡೆದರೆ ಕೋನಕ್ಕೆ 600, ಒಟ್ಟು 4,200 ಕಿರುಕಿರಣಗಳು. ಪ್ರತಿಯೊಂದರ ತೀವ್ರತೆ ಎಷ್ಟಿರಬೇಕು? ಅಂದರೆ 4,200 ಉತ್ತರ ಗೊತ್ತಿಲ್ಲದ ಪ್ರಶ್ನೆಗಳು, 11 ಲಕ್ಷ ಜಾಗಗಳಲ್ಲಿ ಅವುಗಳ ಪರಿಣಾಮ. ಕೈಲೆಕ್ಕದಲ್ಲಿ ಇದು ಆಗುವ ಮಾತಲ್ಲ.

ಹಳೆಯ ವಿಧಾನದಲ್ಲಿ ಅನುಭವಿ ತಜ್ಞರು ಕೋನಗಳನ್ನು ತಾವೇ ಆರಿಸಿ, ‘ಹೀಗೆ ಬಿಟ್ಟರೆ ಎಷ್ಟು ಬೀಳುತ್ತದೆ’ ಎಂದು ನೋಡುತ್ತಿದ್ದರು. ಸರಿ ಕಾಣದಿದ್ದರೆ ತಿದ್ದುತ್ತಿದ್ದರು. ಹೊಸ ವಿಧಾನದಲ್ಲಿ ಪ್ರಶ್ನೆಯೇ ತಿರುಗಿತು. ‘ಗಡ್ಡೆಗೆ ಇಷ್ಟು ಬೀಳಲೇಬೇಕು, ಕರುಳಿಗೆ ಇಷ್ಟಕ್ಕಿಂತ ಹೆಚ್ಚು ಬೀಳಬಾರದು, ಹಾಗಾದರೆ ಕಿರಣ ಹೇಗಿರಬೇಕು ಹೇಳು’ ಎಂದು ಕಂಪ್ಯೂಟರನ್ನು ಕೇಳುವುದು. ಅದಕ್ಕೇ ಇದನ್ನು ‘ಹಿಮ್ಮುಖ ಯೋಜನೆ’ ಎನ್ನುತ್ತಾರೆ.

ಪೂರ್ಣ ಉತ್ತರವೇ ಇಲ್ಲದ ಲೆಕ್ಕ

ಇಲ್ಲಿ ಒಂದು ತೊಡಕಿದೆ. ಗಡ್ಡೆಗೆ ಪೂರ್ತಿ ಡೋಸ್, ಪಕ್ಕದ ಕರುಳಿಗೆ ಸೊನ್ನೆ ಎಂದು ಕೇಳಿದರೆ ಅಂಥ ಉತ್ತರವೇ ಇರುವುದಿಲ್ಲ. ಕಿರಣ ದೇಹದ ಮೂಲಕವೇ ಹೋಗಬೇಕು, ದಾರಿಯಲ್ಲಿ ಸಿಕ್ಕವರಿಗೆಲ್ಲ ಸ್ವಲ್ಪ ಸ್ವಲ್ಪ ಕೊಟ್ಟೇ ಹೋಗುತ್ತದೆ. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವ ‘ಮೈನಸ್ ಕಿರಣ’ ಎಂಬುದಿಲ್ಲ. ಹಾಗಾಗಿ ಯಾರಿಗೆ ಎಷ್ಟು ಎಂಬ ರಾಜಿ ಅನಿವಾರ್ಯ.

ಕಲ್ಯಾಣದಿಂದ ಸಿಎಸ್‌ಎಂಟಿಗೆ ಹೋಗುವ ಲೋಕಲ್ ರೈಲಿನ ವೇಳಾಪಟ್ಟಿ ಮಾಡುವವರ ಪಾಡೂ ಇದೇ. ಫಾಸ್ಟ್ ಲೋಕಲ್ ಎಲ್ಲ ನಿಲ್ದಾಣದಲ್ಲೂ ನಿಲ್ಲಲಿ ಎಂದರೆ ಅದು ಫಾಸ್ಟ್ ಆಗಿ ಉಳಿಯುವುದಿಲ್ಲ. ಡೊಂಬಿವಲಿಯಲ್ಲಿ ನಿಲ್ಲಿಸಿದರೆ ಕಲ್ಯಾಣದವರಿಗೆ ಎರಡು ನಿಮಿಷ ತಡ, ನಿಲ್ಲಿಸದಿದ್ದರೆ ಡೊಂಬಿವಲಿಯವರು ಪ್ಲಾಟ್‌ಫಾರ್ಮಿನಲ್ಲೇ. ಯಾರ ಅನುಕೂಲಕ್ಕೆ ಎಷ್ಟು ತೂಕ ಎಂದು ಮೊದಲು ನಿರ್ಧರಿಸದೆ ಒಳ್ಳೆಯ ವೇಳಾಪಟ್ಟಿ ಎಂಬ ಮಾತಿಗೆ ಅರ್ಥವಿಲ್ಲ.

ರೇಡಿಯೇಷನ್ ಪ್ಲಾನ್‌ನಲ್ಲೂ ಹಾಗೆಯೇ. ಪ್ರತಿ ಅಂಗಕ್ಕೂ ಒಂದು ಮಿತಿ, ಒಂದು ‘ತೂಕ’ ಕೊಡುತ್ತಾರೆ. ಬೆನ್ನುಹುರಿಗೆ 45ರಿಂದ 50 ಗ್ರೇ ದಾಟಬಾರದು ಎಂಬುದು ಕಟ್ಟುನಿಟ್ಟಿನ ನಿಯಮ. ಕೆನ್ನೆಯ ಪಕ್ಕದ ಜೊಲ್ಲುಗ್ರಂಥಿಗೆ ಸರಾಸರಿ 25 ಗ್ರೇ ಒಳಗೆ ಇದ್ದರೆ ಒಳ್ಳೆಯದು ಎಂಬುದು ಸಾಧ್ಯವಾದರೆ ಪಾಲಿಸುವ ನಿಯಮ. (ಗ್ರೇ ಎಂದರೆ ಅಂಗ ಹೀರಿಕೊಂಡ ವಿಕಿರಣದ ಅಳತೆ.) ಕಂಪ್ಯೂಟರ್ ಈ ಎಲ್ಲ ತಪ್ಪುಗಳ ತೂಕದ ಮೊತ್ತವನ್ನು ಒಂದೇ ಸೂತ್ರವಾಗಿಸಿ, ಆ ಮೊತ್ತ ಅತಿ ಕಡಿಮೆಯಾಗುವವರೆಗೆ ಸಾವಿರಾರು ಕಿರುಕಿರಣಗಳನ್ನು ಹೆಚ್ಚುಕಡಿಮೆ ಮಾಡುತ್ತಾ ಹೋಗುತ್ತದೆ. ಆ ಸೂತ್ರವೇ ಕಂಪ್ಯೂಟರ್‌ನ ಗುರಿ. ಅದರಾಚೆಗೆ ಅದಕ್ಕೆ ಲೋಕವೇ ಇಲ್ಲ.

ಸ್ಟಾಕ್‌ಹೋಮ್‌ನಿಂದ ಪೊವಾಯಿವರೆಗೆ

ಈ ಹಿಮ್ಮುಖ ಲೆಕ್ಕದ ಬೀಜ ಬಿತ್ತಿದ್ದು ಸ್ವೀಡನ್‌ನ ಭೌತವಿಜ್ಞಾನಿ ಆಂಡರ್ಸ್ ಬ್ರಾಮೆ ಮತ್ತು ಸಂಗಡಿಗರು, 1982ರಲ್ಲಿ. ಕಾಗದದ ಮೇಲಿನ ಆ ಕಲ್ಪನೆ ರೋಗಿಯವರೆಗೆ ಬರಲು ಕಿರಣದ ಕಿಂಡಿಯನ್ನು ಬೇಕಾದ ಆಕಾರಕ್ಕೆ ತೆರೆದು ಮುಚ್ಚುವ ಲೋಹದ ಪಟ್ಟಿಗಳೂ, ವೇಗದ ಕಂಪ್ಯೂಟರೂ ಬೇಕಾದವು. 1994ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಐಎಂಆರ್‌ಟಿ ಶುರುವಾಯಿತು. 2008ರಲ್ಲಿ ಕೆನಡಾದ ಕಾರ್ಲ್ ಓಟ್ಟೊ, ಯಂತ್ರ ರೋಗಿಯ ಸುತ್ತ ತಿರುಗುತ್ತಿರುವಾಗಲೇ ಕಿಂಡಿಯ ಆಕಾರವನ್ನೂ ಬದಲಿಸುತ್ತ ಹೋಗುವ ವಿಧಾನ ತೋರಿಸಿಕೊಟ್ಟರು. ಹತ್ತಾರು ನಿಮಿಷದ ಚಿಕಿತ್ಸೆ ಕೆಲವೇ ನಿಮಿಷಕ್ಕೆ ಇಳಿಯಿತು.

ಇದರ ಬೆನ್ನೆಲುಬಾದ ಗಣಿತಕ್ಕೆ ಮುಂಬೈ ನಂಟೂ ಇದೆ. ಇಂಥ ದೊಡ್ಡ ಲೆಕ್ಕ ಬಿಡಿಸಲು 1947ರಿಂದ ಜಾರ್ಜ್ ಡಾಂಟ್ಸಿಗ್ ಅವರ ‘ಸಿಂಪ್ಲೆಕ್ಸ್’ ವಿಧಾನ ಬಳಕೆಯಲ್ಲಿತ್ತು. ಸಾಧ್ಯವಿರುವ ಉತ್ತರಗಳ ಗುಡ್ಡದ ಅಂಚಿನಲ್ಲೇ ಮೂಲೆಯಿಂದ ಮೂಲೆಗೆ ನಡೆಯುವ ದಾರಿ ಅದು. ಪೊವಾಯಿಯ ಐಐಟಿ ಬಾಂಬೆಯಲ್ಲಿ ಓದಿದ ನರೇಂದ್ರ ಕರ್ಮಾರ್ಕರ್ 1984ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ, ಅಂಚು ಬಿಟ್ಟು ಒಳಗಿನಿಂದಲೇ ಸುರಂಗ ಕೊರೆದಂತೆ ಹೋಗುವ ವಿಧಾನ ಕೊಟ್ಟರು. ಆ ‘ಒಳದಾರಿ’ ಕುಟುಂಬದ ವಿಧಾನಗಳು ಇಂದು ರೇಡಿಯೇಷನ್ ಪ್ಲಾನಿಂಗ್‌ನಲ್ಲೂ ಬಳಕೆಯಾಗುತ್ತಿವೆ. ಜರ್ಮನಿಯ ಹೈಡಲ್‌ಬರ್ಗ್ ಕ್ಯಾನ್ಸರ್ ಸಂಶೋಧನಾ ಕೇಂದ್ರ ಉಚಿತವಾಗಿ ಕೊಡುವ ‘ಮ್ಯಾಟ್‌ರಾಡ್’ ಎಂಬ ಪ್ಲಾನಿಂಗ್ ತಂತ್ರಾಂಶದ ಒಳಗೂ ಇಂಥದೇ ವಿಧಾನವಿದೆ.

ಪಟ್ಟಿಯಲ್ಲಿ ಬರೆಯದಿದ್ದರೆ ಉಳಿಯುವುದಿಲ್ಲ

ಲೆಕ್ಕ ಎಷ್ಟೇ ಚುರುಕಾಗಿರಲಿ, ಪಟ್ಟಿಯಲ್ಲಿ ಇಲ್ಲದ ಅಂಗವನ್ನು ಅದು ಕಾಯುವುದಿಲ್ಲ. ಬ್ರಿಟನ್‌ನ ‘ಪಾರ್‌ಸ್ಪೋರ್ಟ್’ ಅಧ್ಯಯನ ಇದಕ್ಕೆ ಸ್ಪಷ್ಟ ಉದಾಹರಣೆ. ತಂಬಾಕಿನ ಕಾಟ ಜೋರಾಗಿರುವ ನಮ್ಮಲ್ಲಿ ಹೆಚ್ಚು ಕಾಣುವ ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್ ಕುರಿತಾದದ್ದು, 2011ರಲ್ಲಿ ಪ್ರಕಟವಾದದ್ದು. ಜೊಲ್ಲುಗ್ರಂಥಿ ಉಳಿಸುವಂತೆ ಕಂಪ್ಯೂಟರ್‌ಗೆ ಹೇಳಿದಾಗ, ಒಂದು ವರ್ಷದ ನಂತರ ಬಾಯಿ ಒಣಗುವ ತೊಂದರೆ ಶೇ 74ರಿಂದ ಶೇ 38ಕ್ಕೆ ಇಳಿಯಿತು. ದೊಡ್ಡ ಗೆಲುವು.

ಆದರೆ ಅದೇ ಗುಂಪಿನಲ್ಲಿ ಚಿಕಿತ್ಸೆಯ ಹೊತ್ತಿನ ಸುಸ್ತು ಹೆಚ್ಚಾಗಿತ್ತು. ಹಳೆಯ ವಿಧಾನದಲ್ಲಿ ಶೇ 41 ಇದ್ದದ್ದು ಹೊಸದರಲ್ಲಿ ಶೇ 74. ಆಮೇಲೆ ಡೋಸ್ ಲೆಕ್ಕ ತೆಗೆದು ನೋಡಿದರೆ, ಗ್ರಂಥಿಯಿಂದ ತಪ್ಪಿಸಿದ ಕಿರಣದ ಒಂದಿಷ್ಟು ಪಾಲು ಮೆದುಳಿನ ಹಿಂಭಾಗದ ಮೂಲಕ ಹಾಯ್ದಿತ್ತು. ಸುಸ್ತಿಗೆ ಅದೇ ಕಾರಣವಿರಬಹುದು ಎಂದು ಸಂಶೋಧಕರು ಶಂಕಿಸಿದರು. ಕಂಪ್ಯೂಟರ್ ತಪ್ಪು ಮಾಡಿರಲಿಲ್ಲ. ಆ ಭಾಗವನ್ನೂ ಕಾಪಾಡು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಮುಂದಿನ ಹೆಜ್ಜೆಯೂ ಅಲ್ಲಿಯದೇ. ನುಂಗುವ ಸ್ನಾಯುಗಳನ್ನೂ ಪಟ್ಟಿಗೆ ಸೇರಿಸಿದರೆ ಏನಾಗುತ್ತದೆ ಎಂದು ಬ್ರಿಟನ್ ಮತ್ತು ಐರ್ಲೆಂಡ್‌ನ 112 ರೋಗಿಗಳ ಮೇಲೆ ‘ಡಾರ್ಸ್’ ಅಧ್ಯಯನ ನಡೆಯಿತು. 2023ರಲ್ಲಿ ಫಲಿತಾಂಶ ಬಂತು: ಒಂದು ವರ್ಷದ ನಂತರ ನುಂಗುವ ಬಗ್ಗೆ ರೋಗಿಗಳೇ ಕೊಟ್ಟ ಅಂಕ ಉತ್ತಮವಾಗಿತ್ತು. ಯಂತ್ರ ಬದಲಾಗಲಿಲ್ಲ, ಪಟ್ಟಿಗೆ ಒಂದು ಸಾಲು ಸೇರಿತು. ಊಟ ಮಾಡುವಾಗ ಗಂಟಲಲ್ಲಿ ಅನ್ನ ಸಿಕ್ಕಿಕೊಳ್ಳದಿರುವುದು ಎಷ್ಟು ದೊಡ್ಡದು ಎಂದು ರೋಗಿಗೆ ಗೊತ್ತು. ಅದು ವೈದ್ಯರ ಪಟ್ಟಿಗೆ ಬಂದಮೇಲಷ್ಟೇ ಗಣಿತಕ್ಕೆ ಗೊತ್ತಾಯಿತು.

ಪ್ರೋಟಾನ್ ಬಂದರೂ ಲೆಕ್ಕ ತಪ್ಪದು

2023ರ ಮೇ 11ರಂದು ಪ್ರಧಾನಿ ನರೇಂದ್ರ ಮೋದಿ ನವಿ ಮುಂಬೈನ ರಾಷ್ಟ್ರೀಯ ಹ್ಯಾಡ್ರಾನ್ ಬೀಮ್ ಥೆರಪಿ ಕೇಂದ್ರವನ್ನು ದೇಶಕ್ಕೆ ಸಮರ್ಪಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಖಾರ್‌ಘರ್‌ನಲ್ಲಿ ಪ್ರೋಟಾನ್ ಚಿಕಿತ್ಸೆ ಆರಂಭವಾಯಿತು. ಸರ್ಕಾರಿ ವಲಯದಲ್ಲಿ ಇದು ದೇಶದ ಮೊದಲನೆಯದು. ಖಾಸಗಿಯಲ್ಲಿ ಚೆನ್ನೈನ ಅಪೋಲೊ 2019ರಲ್ಲೇ ಶುರುಮಾಡಿತ್ತು.

ಎಕ್ಸ್‌ರೇ ಕಿರಣ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬರುತ್ತದೆ. ಪ್ರೋಟಾನ್ ಹಾಗಲ್ಲ. ನಿಗದಿತ ಆಳಕ್ಕೆ ಹೋಗಿ, ಅಲ್ಲಿ ತನ್ನ ಶಕ್ತಿಯ ಬಹುಪಾಲನ್ನು ಸುರಿದು ನಿಲ್ಲುತ್ತದೆ. ಬೆಳೆಯುವ ವಯಸ್ಸಿನ ಮಕ್ಕಳಿಗೆ, ಮೆದುಳಿನ ಬುಡದ ಗಡ್ಡೆಗಳಿಗೆ ಇದು ವರದಾನ. ಆದರೆ ಆ ‘ನಿಗದಿತ ಆಳ’ವೇ ತಲೆನೋವು. ಸ್ಕ್ಯಾನ್ ನೋಡಿ ಲೆಕ್ಕ ಹಾಕಿದ ಆಳಕ್ಕೂ ನಿಜವಾಗಿ ತಲುಪುವ ಆಳಕ್ಕೂ ಶೇ 3ರ ಆಸುಪಾಸಿನಷ್ಟು ವ್ಯತ್ಯಾಸ ಬರಬಹುದು. 20 ಸೆಂ.ಮೀ. ಆಳದಲ್ಲಿ ಅದು 6 ಮಿ.ಮೀ. ಗಡ್ಡೆ ಮುಗಿದು ಬೆನ್ನುಹುರಿ ಶುರುವಾಗುವ ಜಾಗದಲ್ಲಿ 6 ಮಿ.ಮೀ. ಸಣ್ಣ ಅಳತೆಯಲ್ಲ.

ಅದಕ್ಕಾಗಿ ಇಲ್ಲಿ ಇನ್ನೊಂದು ಬಗೆಯ ಲೆಕ್ಕ ಬಳಸುತ್ತಾರೆ. ರೋಗಿ ಕೆಲವು ಮಿ.ಮೀ. ಎಡಕ್ಕೆ ಸರಿದರೆ? ಬಲಕ್ಕೆ ಸರಿದರೆ? ಕಿರಣ ಸ್ವಲ್ಪ ಆಳಕ್ಕೆ ಹೋದರೆ? ಹತ್ತಾರು ಸನ್ನಿವೇಶಗಳನ್ನು ಮುಂದಿಟ್ಟುಕೊಂಡು, ಅವುಗಳಲ್ಲಿ ಅತಿ ಕೆಟ್ಟದ್ದು ಬಂದರೂ ಚಿಕಿತ್ಸೆ ಕೆಡದಂತೆ ಪ್ಲಾನ್ ಮಾಡುವುದು. ಎಲ್ಲ ಸರಿಯಾಗಿದ್ದಾಗ ಸಿಗುವ ಅತ್ಯುತ್ತಮ ಫಲಿತಾಂಶವನ್ನು ಸ್ವಲ್ಪ ಬಿಟ್ಟುಕೊಟ್ಟು, ಕೆಟ್ಟ ದಿನಕ್ಕೆ ರಕ್ಷಣೆ ಪಡೆಯುವ ಜಾಣತನ. ಮಳೆಗಾಲದಲ್ಲಿ ಅರ್ಧ ಗಂಟೆ ಮೊದಲೇ ಮನೆ ಬಿಡುವ ಡೊಂಬಿವಲಿಯ ನೌಕರನ ಲೆಕ್ಕವೂ ಇದೇ.

ಸೂತ್ರದ ಹೊರಗೆ ಉಳಿದದ್ದು: 75 ಗಂಟೆ

ಈಗ ಪ್ಲಾನಿಂಗ್ ಕೋಣೆಯಿಂದ ಹೊರಗೆ ಬರೋಣ. ಮಿಲಿಮೀಟರ್ ಲೆಕ್ಕದಲ್ಲಿ ಕರುಳು ಕಾಯುವ ಈ ವ್ಯವಸ್ಥೆ ರೋಗಿಯ ದಿನಗಳನ್ನು ಲೆಕ್ಕಕ್ಕೆ ಹಿಡಿದಿದೆಯೇ?

ರೇಡಿಯೇಷನ್ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ಗರ್ಭಕಂಠದ ಕ್ಯಾನ್ಸರ್‌ಗೆ ಸಾಮಾನ್ಯವಾಗಿ 25 ಸಿಟ್ಟಿಂಗ್. ವಾರಕ್ಕೆ ಐದು ದಿನದಂತೆ ಐದು ವಾರ. ಡೊಂಬಿವಲಿಯ ಮಹಿಳೆ ಖಾರ್‌ಘರ್‌ಗೆ ಹೋಗಬೇಕೆಂದರೆ ಮೊದಲು ಥಾಣೆಗೆ ಲೋಕಲ್, ಅಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಮಾರ್ಗದ ಪನ್ವೇಲ್ ಗಾಡಿ, ಖಾರ್‌ಘರ್‌ನಲ್ಲಿ ಇಳಿದು ಆಟೊ. ಒಂದು ಕಡೆಗೆ ಒಂದೂವರೆ ಗಂಟೆ ಎಂದರೂ ದಿನಕ್ಕೆ ಮೂರು ಗಂಟೆ. 25 ದಿನಕ್ಕೆ 75 ಗಂಟೆ. ಯಂತ್ರದ ಕೋಣೆಯಲ್ಲಿ ಕಳೆಯುವುದು ದಿನಕ್ಕೆ 15 ನಿಮಿಷ ಎಂದುಕೊಂಡರೆ ಒಟ್ಟು ಆರೂಕಾಲು ಗಂಟೆ.

ಲೋಕಲ್‌ನಲ್ಲಿ ವಿಶೇಷಚೇತನರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಪ್ರಯಾಣಿಸಬಹುದು. ಅದೊಂದು ಸಮಾಧಾನ. ಆದರೆ ಜೊತೆಗೆ ಬರುವ ಮಗಳ ಕಾಲೇಜು, ಗಂಡನ ಹೋಟೆಲ್ ಕೆಲಸ, ದಿನಗೂಲಿ, ಮನೆಯ ಅಡುಗೆ ಇವೆಲ್ಲ ಯಾವ ಸೂತ್ರದಲ್ಲೂ ಇಲ್ಲ. ಉಡುಪಿಯಿಂದ, ಕಲಬುರಗಿಯಿಂದ ಬಂದು ಇಲ್ಲಿ ಬದುಕು ಕಟ್ಟಿಕೊಂಡ ಕುಟುಂಬಗಳಿಗೆ ಐದು ವಾರದ ಸಂಬಳ ಕಳೆದುಕೊಳ್ಳುವುದು ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಡಲು ಕಾರಣವಾಗಬಲ್ಲದು.

ಅರ್ಧಕ್ಕೆ ಬಿಡುವುದು ಹಾಗಿರಲಿ, ತಡವಾದರೂ ಅಪಾಯ. ಶಸ್ತ್ರಚಿಕಿತ್ಸೆ ಇಲ್ಲದೆ ರೇಡಿಯೇಷನ್‌ನಿಂದಲೇ ಗುಣಪಡಿಸುವ ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಇಡೀ ಚಿಕಿತ್ಸೆ ಎಂಟು ವಾರದೊಳಗೆ ಮುಗಿಯಬೇಕು. ಅದರ ನಂತರದ ಪ್ರತಿ ದಿನದ ವಿಳಂಬಕ್ಕೆ ರೋಗ ಹತೋಟಿಯ ಸಾಧ್ಯತೆ ಶೇ 1ರ ಆಸುಪಾಸಿನಲ್ಲಿ ಕುಸಿಯುತ್ತದೆ ಎಂಬುದು ವೈದ್ಯಲೋಕ ಒಪ್ಪಿಕೊಂಡ ಸಂಗತಿ. ಬ್ರಿಟನ್‌ನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ವೇಗವಾಗಿ ಬೆಳೆಯುವ ಗಡ್ಡೆಗಳ ರೋಗಿಗಳನ್ನು ಮೊದಲ ವರ್ಗದಲ್ಲಿಟ್ಟು, ಅವರ ಚಿಕಿತ್ಸೆ ಎರಡು ದಿನಕ್ಕಿಂತ ಹೆಚ್ಚು ಹಿಗ್ಗಬಾರದು ಎನ್ನುತ್ತದೆ. ಜುಲೈ ತಿಂಗಳಲ್ಲಿ ಹಳಿ ಮೇಲೆ ನೀರು ನಿಂತು ಲೋಕಲ್ ಬಂದ್ ಆದ ದಿನ, ಯಂತ್ರ ಕೆಟ್ಟ ದಿನ ಯಾರನ್ನು ಮೊದಲು ಮಲಗಿಸಬೇಕು, ಯಾರಿಗೆ ಶನಿವಾರ ಕರೆಯಬೇಕು ಎಂಬುದೂ ಆಪ್ಟಿಮೈಸೇಷನ್ ಸಮಸ್ಯೆಯೇ.

25ರಿಂದ 15, 15ರಿಂದ 5

ದಿನಗಳನ್ನು ಕಡಿಮೆ ಮಾಡುವ ವಿದ್ಯೆ ವಿಜ್ಞಾನದಲ್ಲಿ ಇಲ್ಲದ್ದೇನಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಒಂದು ಕಾಲಕ್ಕೆ 50 ಗ್ರೇ ಡೋಸನ್ನು 25 ಸಿಟ್ಟಿಂಗ್‌ನಲ್ಲಿ ಕೊಡುತ್ತಿದ್ದರು. ಬ್ರಿಟನ್‌ನ ‘ಸ್ಟಾರ್ಟ್-ಬಿ’ ಅಧ್ಯಯನ 2,215 ಮಹಿಳೆಯರಲ್ಲಿ 40 ಗ್ರೇ, 15 ಸಿಟ್ಟಿಂಗ್ ಸಾಕೆಂದು ತೋರಿಸಿತು. 2020ರಲ್ಲಿ ‘ಫಾಸ್ಟ್-ಫಾರ್ವರ್ಡ್’ ಅಧ್ಯಯನ 4,096 ರೋಗಿಗಳಲ್ಲಿ 26 ಗ್ರೇ ಡೋಸನ್ನು ಒಂದೇ ವಾರದಲ್ಲಿ, 5 ಸಿಟ್ಟಿಂಗ್‌ನಲ್ಲಿ ಕೊಟ್ಟರೂ ಐದು ವರ್ಷದ ಫಲಿತಾಂಶ 15 ಸಿಟ್ಟಿಂಗ್‌ಗಿಂತ ಕಡಿಮೆಯಲ್ಲ ಎಂದಿತು. ಮೂಳೆಗೆ ಹಬ್ಬಿದ ಕ್ಯಾನ್ಸರಿನ ನೋವಿಗೆ 8 ಗ್ರೇ ಒಂದೇ ಸಲ ಕೊಟ್ಟರೂ ಹತ್ತು ಸಲ ಕೊಟ್ಟಷ್ಟೇ ಉಪಶಮನ ಸಿಗುತ್ತದೆ ಎಂಬುದು ಬಹಳ ಹಿಂದೆಯೇ ಸಾಬೀತಾಗಿದೆ.

ಪ್ರತಿ ಸಿಟ್ಟಿಂಗ್‌ನ ಡೋಸ್ ಹೆಚ್ಚಾದಂತೆ ಪಕ್ಕದ ಅಂಗಕ್ಕೆ ತಪ್ಪಿ ಬೀಳುವ ಪ್ರತಿ ಹನಿಯೂ ದುಬಾರಿ. ಹಾಗಾಗಿ ಕಡಿಮೆ ದಿನದ ಚಿಕಿತ್ಸೆಗೆ ಪ್ಲಾನ್ ಇನ್ನಷ್ಟು ಕರಾರುವಾಕ್ಕಾಗಿರಬೇಕು. ಒಳ್ಳೆಯ ಗಣಿತ ದಿನಗಳನ್ನು ಉಳಿಸಬಲ್ಲದು ಎಂಬುದು ಇಲ್ಲಿಯ ಮುಖ್ಯ ಮಾತು.

ಯಂತ್ರದ ಕಡೆಯಿಂದಲೂ ನೋಡಿ. ಒಂದು ಯಂತ್ರ ದಿನಕ್ಕೆ 40 ಸಿಟ್ಟಿಂಗ್, ವರ್ಷಕ್ಕೆ 250 ದಿನ ಕೆಲಸ ಮಾಡಿದರೆ 10,000 ಸಿಟ್ಟಿಂಗ್. ತಲಾ 25 ಆದರೆ 400 ರೋಗಿಗಳು. ತಲಾ 15 ಆದರೆ 666. ತಲಾ 5 ಆದರೆ 2,000. ಎಲ್ಲ ಕ್ಯಾನ್ಸರಿಗೂ, ಎಲ್ಲ ರೋಗಿಗೂ 5 ಸಿಟ್ಟಿಂಗ್ ಹೊಂದುವುದಿಲ್ಲ. ಆದರೆ ಹೊಂದುವವರಿಗೆ ಕೊಟ್ಟರೆ, ಹೊಂದದವರ ಸರದಿ ಬೇಗ ಬರುತ್ತದೆ. ಹೊಸ ಯಂತ್ರ ಕೊಳ್ಳದೆ ಸಾಲು ಕರಗಿಸುವ ದಾರಿ ಇದು. ಆದರೆ ಸರ್ಕಾರಿ ಯೋಜನೆ ಅಥವಾ ವಿಮೆಯ ಹಣ ಸಿಟ್ಟಿಂಗ್ ಎಣಿಸಿ ಬರುವಂತಿದ್ದರೆ, ಕಡಿಮೆ ದಿನದಲ್ಲಿ ಮುಗಿಸುವ ಆಸ್ಪತ್ರೆಗೇ ನಷ್ಟ. ದರಪಟ್ಟಿಯೂ ಒಂದು ಸೂತ್ರ, ಅದರಲ್ಲೂ ತೂಕಗಳಿವೆ.

ಎಷ್ಟು ಯಂತ್ರ ಬೇಕು, ಎಲ್ಲಿ ಬೇಕು?

ದೇಶದಲ್ಲಿ ವರ್ಷಕ್ಕೆ 14 ಲಕ್ಷಕ್ಕೂ ಹೆಚ್ಚು ಹೊಸ ಕ್ಯಾನ್ಸರ್ ಪ್ರಕರಣಗಳ ಅಂದಾಜಿದೆ. ಅವರಲ್ಲಿ ಸುಮಾರು ಅರ್ಧ ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ರೇಡಿಯೇಷನ್ ಬೇಕಾಗುತ್ತದೆ. 10 ಲಕ್ಷ ಜನರಿಗೆ ಕನಿಷ್ಠ ಒಂದು ಯಂತ್ರ ಎಂಬುದು ಸಾಮಾನ್ಯ ಅಳತೆಗೋಲು. ಅದರಂತೆ ಭಾರತಕ್ಕೆ 1,400 ಯಂತ್ರ ಬೇಕು, ಇರುವುದು ಅದಕ್ಕಿಂತ ಬಹಳ ಕಡಿಮೆ. ಪಾಲ್ಘರ್ ಬೇರೆಯಾದ ನಂತರದ ಥಾಣೆ ಜಿಲ್ಲೆಯಲ್ಲಿ 2011ರ ಜನಗಣತಿಯ ಲೆಕ್ಕದಲ್ಲೇ 80 ಲಕ್ಷ ಜನ. ಅಂದರೆ ಕನಿಷ್ಠ ಎಂಟು ಯಂತ್ರ, ಅದೂ ಬಡವರ ಕೈಗೆಟುಕುವಂಥವು.

2025-26ರ ಕೇಂದ್ರ ಬಜೆಟ್ ಮೂರು ವರ್ಷಗಳಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ, ಮೊದಲ ವರ್ಷವೇ 200 ಎಂದು ಘೋಷಿಸಿತು. ಒಳ್ಳೆಯದೇ. ಆದರೆ ಡೇ ಕೇರ್ ಕೇಂದ್ರ ಎಂದರೆ ಮುಖ್ಯವಾಗಿ ಕೀಮೊಥೆರಪಿ. ಕೀಮೊ ಮೂರು ವಾರಕ್ಕೊಮ್ಮೆ ಇರಬಹುದು, ರೇಡಿಯೇಷನ್ ಪ್ರತಿದಿನ. ಮನೆಯ ಹತ್ತಿರ ಇರಲೇಬೇಕಾದದ್ದು ಯಾವುದು ಎಂದು ಕೇಳಿದರೆ ಪ್ರಯಾಣದ ಲೆಕ್ಕ ರೇಡಿಯೇಷನ್ ಕಡೆಗೇ ಕೈ ತೋರಿಸುತ್ತದೆ. ಥಾಣೆಯಲ್ಲಿ ಧರ್ಮವೀರ ಆನಂದ ದಿಘೆ ಹೆಸರಿನ ಕ್ಯಾನ್ಸರ್ ಆಸ್ಪತ್ರೆಗೆ 2023ರಲ್ಲಿ ಭೂಮಿಪೂಜೆ ನಡೆದಿದೆ. ಕಲ್ಯಾಣ್, ಡೊಂಬಿವಲಿಯವರ ದಾರಿ ಅದರಿಂದ ಎಷ್ಟು ಕಡಿಮೆಯಾಗುತ್ತದೆ ಎಂಬುದೇ ಅದರ ಯಶಸ್ಸಿನ ಒಂದು ಅಳತೆಯಾಗಬೇಕು.

ಅಗ್ಗದ ಯಂತ್ರ ನಮ್ಮಲ್ಲೇ ಇದೆ. ಟ್ರಾಂಬೆಯ ಬಾಬಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ‘ಭಾಭಾಟ್ರಾನ್’ ಕೋಬಾಲ್ಟ್ ಯಂತ್ರ ಮೊದಲು ಬಂದು ಕೂತದ್ದು 2005ರಲ್ಲಿ, ಖಾರ್‌ಘರ್‌ನ ಆಕ್ಟ್ರೆಕ್‌ನಲ್ಲೇ. ಅದನ್ನು ತಯಾರಿಸುವುದು ಬೆಂಗಳೂರಿನ ಪನೇಸಿಯಾ ಮೆಡಿಕಲ್ ಟೆಕ್ನಾಲಜೀಸ್. ಆದರೆ ಕೋಬಾಲ್ಟ್ ಮೂಲದ ಶಕ್ತಿ 5.27 ವರ್ಷಕ್ಕೆ ಅರ್ಧವಾಗುತ್ತದೆ. ಹೊಸ ಮೂಲ ಹಾಕದಿದ್ದರೆ ಅದೇ ಚಿಕಿತ್ಸೆಗೆ ಎರಡುಪಟ್ಟು ಸಮಯ. ಯಂತ್ರ ಕೊಟ್ಟು ನಿರ್ವಹಣೆ ಮರೆತರೆ ಸಾಲು ಮತ್ತೆ ಬೆಳೆಯುತ್ತದೆ.

ಯಂತ್ರಕ್ಕಿಂತ ಕಷ್ಟ ಪ್ಲಾನ್ ಮಾಡುವ ಮೆಡಿಕಲ್ ಫಿಸಿಸಿಸ್ಟ್‌ಗಳದು. ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ವಿಶೇಷ ತರಬೇತಿ ಪಡೆದವರು ಇವರು. ಈ ಕೊರತೆ ತುಂಬಲು ಪ್ಲಾನಿಂಗನ್ನು ಕಂಪ್ಯೂಟರೇ ಬಹುಪಾಲು ಮಾಡಿದರೆ ಹೇಗೆ ಎಂದು ‘ಆರ್ಚರಿ’ ಎಂಬ ಅಂತರರಾಷ್ಟ್ರೀಯ ಅಧ್ಯಯನ ಪರೀಕ್ಷೆಗಿಳಿಯಿತು. ಭಾರತ, ಜೋರ್ಡಾನ್, ಮಲೇಷ್ಯಾ, ದಕ್ಷಿಣ ಆಫ್ರಿಕಾಗಳಲ್ಲಿ ಗರ್ಭಕಂಠ, ಪ್ರಾಸ್ಟೇಟ್ ಮತ್ತು ತಲೆ-ಕುತ್ತಿಗೆ ಕ್ಯಾನ್ಸರ್‌ಗಳಿಗೆ. ಅಮೆರಿಕದಲ್ಲಿ ಗೆರೆ ಎಳೆಯಲು ಕಲಿತ ಕಂಪ್ಯೂಟರ್ ಡೊಂಬಿವಲಿಯ ರೋಗಿಯ ಸ್ಕ್ಯಾನ್ ನೋಡಿ ತಪ್ಪದೆ ಎಳೆಯುತ್ತದೆಯೇ ಎಂದು ನೋಡುವ ಕಣ್ಣು ಮಾತ್ರ ಇಲ್ಲಿಯದೇ ಆಗಿರಬೇಕು.

ಬೆಂಗಳೂರಿಗೂ ಇದೇ ಪ್ರಶ್ನೆ

ಇದು ಮುಂಬೈ ಕನ್ನಡಿಗರ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನ ಕಿದ್ವಾಯಿಗೆ ದೂರದ ಜಿಲ್ಲೆಗಳಿಂದ ಬಂದು ವಾರಗಟ್ಟಲೆ ಉಳಿಯುವ ಕುಟುಂಬಗಳದೂ ಇದೇ ಕಥೆ. ಅಲ್ಲಿ ಲೋಕಲ್ ರೈಲಿನ ಬದಲು ಬಾಡಿಗೆ ಕೋಣೆ, ಛತ್ರ.

ರೋಗಿ ಮತ್ತು ಮನೆಯವರು ವೈದ್ಯರನ್ನು ಕೇಳಬಹುದಾದ ಕೆಲವು ಪ್ರಶ್ನೆಗಳಿವೆ. ಒಟ್ಟು ಎಷ್ಟು ಸಿಟ್ಟಿಂಗ್, ನನ್ನ ಕಾಯಿಲೆಗೆ ಕಡಿಮೆ ದಿನದ ಚಿಕಿತ್ಸೆ ಹೊಂದುತ್ತದೆಯೇ? ಪ್ಲಾನ್‌ನಲ್ಲಿ ಯಾವ ಅಂಗಗಳನ್ನು ಉಳಿಸುತ್ತಿದ್ದೀರಿ, ಯಾವುದಕ್ಕೆ ಪೆಟ್ಟು ಬೀಳಬಹುದು? ಯಂತ್ರ ಕೆಟ್ಟರೆ ಅಥವಾ ನಾನು ಬರಲಾಗದಿದ್ದರೆ ಆ ದಿನವನ್ನು ಹೇಗೆ ತುಂಬಿಸುತ್ತೀರಿ? ಮನೆಯ ಹತ್ತಿರದ ಬೇರೆ ಕೇಂದ್ರದಲ್ಲಿ ಇದೇ ಚಿಕಿತ್ಸೆ ಸಿಗುತ್ತದೆಯೇ? ಈ ಪ್ರಶ್ನೆ ಕೇಳುವುದು ವೈದ್ಯರ ಮೇಲೆ ಅನುಮಾನ ಪಟ್ಟಂತಲ್ಲ. ನಿಮಗೆ ಯಾವುದು ಮುಖ್ಯ ಎಂದು ಪಟ್ಟಿ ಬರೆಯುವವರಿಗೆ ತಿಳಿಸಿದಂತೆ. ಅಡುಗೆಯವನಿಗೆ ಬಾಯಿ ಒಣಗುವುದು, ಭಜನೆ ಹಾಡುವವರಿಗೆ ದನಿ, ನಿಂತು ಕೆಲಸ ಮಾಡುವವರಿಗೆ ಕರುಳಿನ ತೊಂದರೆ ಒಂದೊಂದು ತೂಕದ್ದು.

ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ. ಹೊಸ ಕೇಂದ್ರಕ್ಕೆ ಜಾಗ ಗುರುತಿಸುವಾಗ, ಚಿಕಿತ್ಸೆಗೆ ದರ ಕಟ್ಟುವಾಗ, ಸರದಿ ಪಟ್ಟಿ ಮಾಡುವಾಗ ರೋಗಿಯ ಪ್ರಯಾಣದ ಗಂಟೆಗಳನ್ನು ಎಣಿಸುತ್ತಿದ್ದೀರಾ? ಎಣಿಸದೆ ಹೋದರೆ ಅದನ್ನು ಕಡಿಮೆ ಮಾಡುವವರು ಯಾರೂ ಇರುವುದಿಲ್ಲ. ಆಸ್ಪತ್ರೆಗಳ ಹೊರರೋಗಿ ಕಾರ್ಡಿನಲ್ಲಿ ವಿಳಾಸ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಕಡೆಯ ಪ್ರಯಾಣಕ್ಕೆ ಎಷ್ಟು ಹೊತ್ತು ಎಂಬ ಒಂದು ಅಂಕಣ ಸೇರಿಸಿದರೂ ಕೆಲಸ ಶುರುವಾಗುತ್ತದೆ.